ಪಂಪ್ ಬದಲಾಯಿಸಿದವನೇ, ವೈರ್ ನೋಡಿದ್ಯಾ?

"ಸಾರ್, ಇಪ್ಪತ್ತೈದು ವರ್ಷ ದಾಟಿದೆ, ಇನ್ನೆಷ್ಟು ಅಂತ ಓಡುತ್ತೆ? ಮಾರ್ಬಿಡಿ." ನನ್ನ ಹಳೇ ಕಾರಿನ ಬಾನೆಟ್ ಎತ್ತೋಕೂ ಮೊದಲೇ ಮೆಕ್ಯಾನಿಕ್‌ನ ಈ ಉಪದೇಶ. ಎಲ್ಲ ಗ್ಯಾರೇಜಲ್ಲೂ ಇದೇ. ಮಾರೋದಾದ್ರೆ ನಿನ್ನ ಹತ್ರ ಯಾಕಪ್ಪಾ ತರ್ತಿದ್ದೆ? 2022ರಲ್ಲಿ ಹಳೇ ಕಾರಿನ ರಿಜಿಸ್ಟ್ರೇಷನ್ ರಿನ್ಯೂವಲ್ ಶುಲ್ಕ 600ರಿಂದ ಒಂದೇ ಏಟಿಗೆ 5,000 ಆಯ್ತು. ಹಲ್ಲು ಕಚ್ಚಿಕೊಂಡು ಅದನ್ನೂ ಕಟ್ಟಿ ಉಳಿಸಿಕೊಂಡಿರೋ ಗಾಡಿ ಇದು. ಮಾರೋ ಯೋಚನೆ ಇಲ್ಲ ಅಂತ ಅಷ್ಟರಲ್ಲೇ ಗೊತ್ತಾಗಬೇಕು.

ಗಾಡಿ 1997ರ ಮಾರುತಿ 800. ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡೋ ಭಾಗ) ಇರೋ ಇಂಜಿನ್, 796 ಸಿಸಿ, ಮೂರೇ ಸಿಲಿಂಡರ್. ಇದಕ್ಕಿಂತ ಸರಳವಾದ ಕಾರ್ ಇಂಜಿನ್ ನಮ್ಮ ರಸ್ತೆ ಮೇಲೆ ಹುಡುಕಿದರೂ ಸಿಗೋದು ಕಷ್ಟ. ತೊಂದರೆ ಏನು ಅಂದ್ರೆ, ರೇಸ್ ಕೊಡ್ತಾ ಇದ್ರೆ ಸೊಗಸಾಗಿ ಓಡುತ್ತೆ, ಪಿಕಪ್ ಇದೆ, ಏರು ಹತ್ತುತ್ತೆ. ಸಿಗ್ನಲ್ ಬಂತು, ಆಕ್ಸಿಲರೇಟರ್ ಮೇಲಿಂದ ಕಾಲೆತ್ತಿದೆ, ಟಪ್ ಅಂತ ಆಫ್. ಅದೂ ಯಾವಾಗಲೂ ಅಲ್ಲ. ಒಂದು ಹಳ್ಳ ಹಾರಿಸಿದ ಮೇಲೆ, ಇಲ್ಲಾ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ಬೆಂಗಳೂರಿನ ಟೌನ್‌ಹಾಲ್ ಸಿಗ್ನಲ್ಲಲ್ಲಿ ಹಸಿರು ದೀಪ ಬಂದಾಗ ಗಾಡಿ ಸತ್ತು, ಹಿಂದೆ ಬಿಎಂಟಿಸಿ ಡ್ರೈವರ್ ಹಾರನ್ ಮೇಲೆ ಕೈ ಇಟ್ಟವನು ತೆಗೆಯದೇ ಇದ್ದರೆ ಏನಾಗುತ್ತೆ ಅಂತ ಅನುಭವಿಸಿದವರಿಗೇ ಗೊತ್ತು.

ಇಷ್ಟನ್ನೂ, ಹೀಗೇ, ಬಿಡಿಸಿ ಬಿಡಿಸಿ ಹೇಳಿದೆ. ಯಾರಾದರೂ ಕೇಳಿಸಿಕೊಂಡ್ರಾ?

ಮೊದಲು ಪೆಟ್ರೋಲಿಗೆ ಕಿಡಿ ಹೊತ್ತಿಸೋ ಪ್ಲಗ್ ಹೊಸದು ಹಾಕಿದ್ರು. ಪ್ಲಗ್ ಹೋಗಿದ್ರೆ ಓಡುವಾಗಲೂ ಮಿಸ್ಸಿಂಗ್, ಅಂದ್ರೆ ಇಂಜಿನ್ ತಡವರಿಸೋದು, ಬರಬೇಕಲ್ಲ ಸ್ವಾಮಿ? ಬರ್ತಿರಲಿಲ್ಲ. ಹೋಗಲಿ, ಪ್ಲಗ್ಗಿಗೆ ಎಷ್ಟಾದೀತು ಅಂತ ಸುಮ್ಮನಿದ್ದೆ. ಆಮೇಲೆ ಪೆಟ್ರೋಲ್ ಪಂಪ್. ಇಲ್ಲಿ ತಲೆ ಕೆಟ್ಟಿತು. ಪಂಪ್ ಸೋತಿದ್ರೆ ಇಂಜಿನ್ ಜಾಸ್ತಿ ಪೆಟ್ರೋಲ್ ಕೇಳೋವಾಗ ನಿಲ್ಲಬೇಕು. ನಂದಿ ಬೆಟ್ಟ ಹತ್ತುವಾಗ, ತುಮಕೂರು ರೋಡಲ್ಲಿ ಎಂಬತ್ತರಲ್ಲಿ ಹೋಗುವಾಗ. ಅಲ್ಲೆಲ್ಲಾ ಗುಂಡುಕಲ್ಲಿನ ಹಾಗೆ ಓಡಿ, ರೇಸ್ ಕೊಡದೆ ಇಂಜಿನ್ ಸುಮ್ಮನೆ ತಿರುಗೋ, ನಾಲ್ಕು ಹನಿ ಪೆಟ್ರೋಲ್ ಸಾಕಾಗುವ ಐಡ್ಲಿಂಗಲ್ಲಿ ಮಾತ್ರ ಪಂಪ್ ಕೈ ಕೊಡುತ್ತಾ? ಕೇಳಿದ್ದಕ್ಕೆ, "ಹಂಗಲ್ಲ ಸಾರ್, ಜೆಸಿ ರೋಡಿಂದ ಒರಿಜಿನಲ್ ತರಿಸಿದೀನಿ." ಜೆಸಿ ರೋಡ್ ಅಂದ್ರೆ ಗಾಡಿ ಪಾರ್ಟ್ಸ್ ಅಂಗಡಿಗಳ ಬೀದಿ. ನಾನು ಒರಿಜಿನಲ್ಲೋ ಡೂಪ್ಲಿಕೇಟೋ ಅಂತ ಕೇಳಿದ್ನಾ?

ಪಂಪ್ ಹಾಕಿದ ಮೇಲೂ ಆಫ್. ಆಗ ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಕಿಟ್ ಹಾಕಿ, ಕೊನೆಗೆ ಇವರ ಬ್ರಹ್ಮಾಸ್ತ್ರ: ಸ್ಕ್ರೂ ತಿರುಗಿಸಿ ಸ್ಲೋ, ಅಂದ್ರೆ ಐಡ್ಲಿಂಗ್ ವೇಗ, ಏರಿಸಿಬಿಟ್ರು. ನಿಮಿಷಕ್ಕೆ ಒಂಬೈನೂರು ಸುತ್ತಿನ ಹತ್ತಿರ ತಿರುಗಬೇಕಾದ ಇಂಜಿನ್ ಸಾವಿರದೈನೂರರಲ್ಲಿ ಕಿರುಚುತ್ತಾ ನಿಂತಿದೆ. "ನೋಡಿ ಸಾರ್, ಈಗ ಆಫ್ ಆಗಲ್ಲ." ಆಗಲ್ಲ, ನಿಜ. ಕ್ಲಚ್ ಬಿಟ್ಟರೆ ಗಾಡಿ ತಾನಾಗಿ ಮುಂದಿನ ಆಟೋಗೆ ಗುದ್ದೋಕೆ ಹೊರಡುತ್ತೆ, ಪೆಟ್ರೋಲ್ ಕುಡಿಯೋದಂತೂ ಕೇಳಲೇಬೇಡಿ. ಎಮಿಷನ್ ಟೆಸ್ಟ್ ಮಾಡೋದು ಐಡ್ಲಿಂಗಲ್ಲೇ ಅನ್ನೋದಾದ್ರೂ ನೆನಪಿದೆಯಾ ಇವರಿಗೆ? ಇದು ರಿಪೇರಿ ಅಲ್ಲ, ರೋಗ ಮುಚ್ಚಿಟ್ಟು ಬಿಲ್ ಕೊಡೋದು.

ಈಗ ಅಸಲಿ ವಿಷಯ ಕೇಳಿ. ಕಾಲೆತ್ತಿದಾಗ ಕಾರ್ಬ್ಯುರೇಟರಿನ ಬಟರ್‌ಫ್ಲೈ, ಅಂದ್ರೆ ಗಾಳಿ ದಾರಿಯ ಮುಚ್ಚಳ, ಬಹುತೇಕ ಮುಚ್ಚಿಕೊಳ್ಳುತ್ತೆ. ಆಗ ಮೇನ್ ಜೆಟ್ಟಿಂದ ಪೆಟ್ರೋಲ್ ಬರಲ್ಲ, ಸ್ಲೋ ಜೆಟ್ ಅನ್ನೋ ಇನ್ನೊಂದು ಸಣ್ಣ ದಾರಿಯಿಂದ ಬರುತ್ತೆ. ಆ ದಾರಿಗೆ ಒಂದು ಪುಟ್ಟ ಸೊಲಿನಾಯ್ಡ್, ಅಂದ್ರೆ ಕರೆಂಟಲ್ಲಿ ಕೆಲಸ ಮಾಡೋ ವಾಲ್ವ್, ಕಾವಲು. ಕೀ ತಿರುಗಿಸಿದ್ರೆ ಅದಕ್ಕೆ ಕರೆಂಟ್ ಬಂದು ತೆರೆಯುತ್ತೆ, ಕೀ ತೆಗೆದರೆ ಮುಚ್ಚುತ್ತೆ. ಬಿಸಿ ಇಂಜಿನ್ ಕೀ ತೆಗೆದ ಮೇಲೂ ದಡಬಡ ತಿರುಗ್ತಾ ಇರಬಾರದು ಅಂತ ಈ ಏರ್ಪಾಡು. ಇದರ ವೈರ್ ಲೂಸ್ ಆದ್ರೆ? ರೇಸ್ ಕೊಟ್ಟಾಗ ಓಡುತ್ತೆ, ಕಾಲೆತ್ತಿದಾಗ ಸಾಯುತ್ತೆ. ನಾನು ಬಾಯಿ ನೋಯೋ ಹಾಗೆ ಹೇಳಿದ್ದೇ ಅದು!

ಪರೀಕ್ಷೆಗೆ ಯಾವ ಮಿಷಿನ್ನೂ ಬೇಡ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಕಿವಿ ಕೊಟ್ಟರೆ ಕಾರ್ಬ್ಯುರೇಟರ್ ಹತ್ತಿರ 'ಟಕ್' ಅನ್ನಬೇಕು. ಭಾನುವಾರ ಮನೆ ಮುಂದೆ ಮಗಳ ಕೈಲಿ ಕೀ ತಿರುಗಿಸೋಕೆ ಹೇಳಿ ಕೇಳಿದೆ. ಒಂದು ಸಲ ಟಕ್, ಇನ್ನೊಂದು ಸಲ ಸದ್ದೇ ಇಲ್ಲ. ಕನೆಕ್ಟರ್ ಬಿಚ್ಚಿದ್ರೆ ಒಳಗೆಲ್ಲಾ ಹಸಿರು ಕಿಲುಬು. ಉಪ್ಪುಕಾಗದದಲ್ಲಿ ಉಜ್ಜಿ, ಒತ್ತಿ ಕೂರಿಸಿದೆ. ಮುಗೀತು. ಅವತ್ತಿಂದ ಸಿಗ್ನಲ್ಲಲ್ಲಿ ನಿಂತಿಲ್ಲ.

ಆ ಮೆಕ್ಯಾನಿಕ್‌ಗೆ ಹೋಗಿ ಹೇಳಿದ್ರೆ, "ಓ ಸಾರ್, ಯೂಟ್ಯೂಬ್ ನೋಡ್ತೀರಾ" ಅಂತ ನಗ್ತಾನೆ. ಮೈ ಉರಿದುಹೋಯ್ತು. ಕಾರ್ಬ್ಯುರೇಟರ್ ಹೊರಗೆ ತೆಗೀಬೇಕಾದ್ರೆ ಅದೇ ವೈರ್ ಬಿಚ್ಚಲೇಬೇಕು ಕಣಯ್ಯಾ! ನಿನ್ನ ಕೈಯಾರೆ ಬಿಚ್ಚಿದ್ದೀಯ, ಕಿಲುಬು ನೋಡಿದ್ದೀಯ, ಹಂಗೇ ವಾಪಸ್ ಸಿಗಿಸಿದ್ದೀಯ. ಹಳೇ ಪಂಪ್ ಕೊಡು ಅಂದ್ರೆ ಗುಜರಿಗೆ ಹೋಯ್ತಂತೆ. ಚೆನ್ನಾಗಿದ್ದ ಪಂಪ್!

ತೊಂದರೆ ಹುಡುಕಿದ್ದಕ್ಕೆ ಕೂಲಿ ಕೇಳಲಿ, ಪಾರ್ಟ್ ಯಾವುದೂ ಹಾಕದಿದ್ರೂ ಸಂತೋಷವಾಗಿ ಕೊಡ್ತೀನಿ. ಒಂದು ಗಂಟೆ ನೋಡಿದೆ, ವೈರ್ ಲೂಸ್ ಇತ್ತು, ಐನೂರು ಕೊಡಿ ಅನ್ನಲಿ, ಕೈ ಮುಗಿದು ಕೊಡ್ತಿದ್ದೆ. ಇವರು ಊಹೆ ಮಾಡ್ತಾರೆ, ಊಹೆ ತಪ್ಪಿದ್ರೆ ಅದರ ಬಿಲ್ಲೂ ನನಗೇ, ಮುಂದಿನ ಊಹೆಯ ಬಿಲ್ಲೂ ನನಗೇ.

ಈಗ ಸ್ಲೋ ಸ್ಕ್ರೂ ಇಳಿಸಿಕೊಂಡಿದ್ದೀನಿ. ಆದರೆ ಆ ಪುಣ್ಯಾತ್ಮ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸೋ ಮಿಕ್ಸ್ಚರ್ ಸ್ಕ್ರೂನೂ ತಿರುಗಿಸಿ ಹಾಳು ಮಾಡಿದಾನೆ, ಹೊಗೆಯಲ್ಲಿ ಪೆಟ್ರೋಲ್ ವಾಸನೆ, ಹೊಸ ಪ್ಲಗ್ ಆಗಲೇ ಕಪ್ಪು. ಬಸವನಗುಡಿ, ಜಯನಗರದ ಕಡೆ ಕಾರ್ಬ್ಯುರೇಟರ್ ಟ್ಯೂನಿಂಗ್ ಗೊತ್ತಿರೋ ಮೆಕ್ಯಾನಿಕ್ ಯಾರಾದ್ರೂ ಇದ್ರೆ ಹೇಳಿ. ಗಾಡಿ ಮಾರಿ ಅನ್ನೋರು ಮಾತ್ರ ದಯವಿಟ್ಟು ಬೇಡ.