ಗೋಪೂಜೆಯ ಸಂಜೆ ಕೊಟ್ಟಿಗೆಯ ಬಳಿ ಪಟಾಕಿ ಬೇಡ

ದೀಪಾವಳಿ ಹತ್ತಿರವಾಗುತ್ತಿರುವ ಈ ಹೊತ್ತಿನಲ್ಲಿ ಚಿಕ್ಕಮಗಳೂರು ಸೀಮೆಯ ಎಲ್ಲರಲ್ಲಿ ನನ್ನದೊಂದು ಕೋರಿಕೆಯಿದೆ. ಬಲಿಪಾಡ್ಯಮಿಯ ದಿನ ದನಗಳ ಮೈತೊಳೆದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಆರತಿ ಎತ್ತಿ ಕೈಮುಗಿಯುವ ನಾವೇ ಅದೇ ಸಂಜೆ ಕೊಟ್ಟಿಗೆಯ ಎದುರಿನ ಅಂಗಳದಲ್ಲಿ ಪಟಾಕಿಗೆ ಬೆಂಕಿ ಹಚ್ಚುತ್ತೇವೆ. ನಾಯಿಯಾದರೆ ಮಂಚದ ಕೆಳಗಾದರೂ ನುಗ್ಗೀತು. ಕಟ್ಟಿಹಾಕಿದ ಹಸುವಿಗೆ ಆ ದಾರಿಯೂ ಇಲ್ಲ. ಬೆದರಿ ಹಗ್ಗ ಜಗ್ಗುವಾಗ ಕೊರಳು ಗಾಯವಾಗಬಹುದು, ಗಬ್ಬದ ಹಸು ಕಾಲುಜಾರಿ ಬೀಳಬಹುದು. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕಾಡಾನೆಗಳನ್ನು ಓಡಿಸಲು ಬಳಸುವುದೂ ಪಟಾಕಿಯನ್ನೇ. ಆನೆಯನ್ನೇ ಬೆದರಿಸುವ ಸದ್ದನ್ನು ಎಳೆಗರುವಿನ ಪಕ್ಕದಲ್ಲಿ ಎಬ್ಬಿಸುವುದು ನನಗಂತೂ ಒಪ್ಪಿಗೆಯಾಗದು.

ಹಸಿರು ಪಟಾಕಿ ತಂದಿದ್ದೇವೆ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದರಲ್ಲಿ ಹೊಗೆ ಕಡಿಮೆಯೇ ಹೊರತು ಸದ್ದು ಇಲ್ಲವೆಂದಲ್ಲ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್‌ವರೆಗಿನ ಸದ್ದನ್ನು ನಿಯಮವೇ ಒಪ್ಪುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರವರೆಗಿನ ಸಮಯ ಗೊತ್ತುಮಾಡಿ, ಸರಪಟಾಕಿಯನ್ನು ನಿಷೇಧಿಸಿತು. ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂಬ ನಿಯಮವೂ ಇದೆ. ಆದರೆ ಹಾಸಿಗೆ ಹಿಡಿದ ಅಜ್ಜ, ಹಸುಗೂಸು, ಸದ್ದು ಸಹಿಸಲಾಗದ ಆಟಿಸಂ ಇರುವ ಮಗು ಇವರೆಲ್ಲ ಇರುವುದು ನಮ್ಮ ಪಕ್ಕದ ಮನೆಗಳಲ್ಲಿ. ಅಲ್ಲಿಗೆ ಯಾವ ವಲಯವೂ ಇಲ್ಲ.

ಅಂಥವರನ್ನು ಹೆಚ್ಚು ಕಂಗೆಡಿಸುವುದು ಸದ್ದು ಯಾವಾಗ ಬರುತ್ತದೆಂದು ತಿಳಿಯದಿರುವುದು. ಆದ್ದರಿಂದ ಮೊದಲೇ ಹೋಗಿ, "ಅಕ್ಕಾ, ಎಂಟೂವರೆಗೆ ಮಕ್ಕಳು ಪಟಾಕಿ ಹೊಡೀತಾರೆ, ಒಂಬತ್ತಕ್ಕೆ ಮುಗಿಸ್ತೀವಿ" ಎಂದು ಹೇಳಿಬಂದರೆ ಅವರು ಕಿಟಕಿ ಮುಚ್ಚಿಕೊಂಡಾರು, ಉಬ್ಬಸವಿರುವವರು ಔಷಧಿಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಾರು, ನಾಯಿಯನ್ನು ಒಳಕೋಣೆಗೆ ಸೇರಿಸಿಯಾರು. ಕೇರಿಯವರೆಲ್ಲ ಸೇರಿ ಮನೆ, ಕೊಟ್ಟಿಗೆಗಳಿಂದ ದೂರವಿರುವ ಒಂದು ಬಯಲನ್ನು ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು.

ಮಕ್ಕಳ ಸಂತೋಷ ಕಸಿಯಬೇಕೆಂದು ನಾನು ಹೇಳುತ್ತಿಲ್ಲ. ಸುರುಸುರು ಬತ್ತಿ, ಹೂಕುಂಡ, ನೆಲಚಕ್ರಗಳಿವೆ. ದೀಪ ಹಿಡಿದು ಮನೆಮನೆಗೆ ಹಾಡುತ್ತ ಹೋಗುವ ಅಂಟಿಗೆ ಪಂಟಿಗೆ ನಮ್ಮ ಮಲೆನಾಡಿನದೇ ಹಬ್ಬದ ಸಂಭ್ರಮವಾಗಿದ್ದು, ಅದಕ್ಕೆ ಸಿಡಿಮದ್ದು ಬೇಕಾಗಿಯೇ ಇಲ್ಲ.

ಇನ್ನೊಂದು ಮಾತು: ಸಿಡಿಯದೆ ಉಳಿದ ಪಟಾಕಿಗಳಿಗೆ ಆ ರಾತ್ರಿಯೇ ನೀರು ಸುರಿದು, ಬೆಳಗಾಗುವ ಮೊದಲೇ ಕಾಗದದ ಚೂರುಗಳನ್ನು ಗುಡಿಸಿ ತೆಗೆಯಿರಿ; ಮೇಯಲು ಬಿಟ್ಟ ದನಗಳು ಅದಕ್ಕೂ ಬಾಯಿ ಹಾಕುತ್ತವೆ.