ಎಫ್‌ಎನ್‌ಯು ನಂಜುಂಡಯ್ಯ

ಮಗಳ ಬಾಣಂತನಕ್ಕೆಂದು ಅಕ್ಕ, ಭಾವ ಅಮೆರಿಕಕ್ಕೆ ಹೊರಟರು. ಹಿಂದಿನ ದಿನ ಅಕ್ಕನ ವೆಬ್ ಚೆಕ್-ಇನ್ ಆಯಿತು, ಭಾವನದು ಆಗಲಿಲ್ಲ. ಕೌಂಟರಿನಲ್ಲಿ ಸಿಕ್ಕ ಬೋರ್ಡಿಂಗ್ ಪಾಸಿನ ಮೇಲೆ ಸಾಲಾಗಿ ನಾಲ್ಕು ಎಸ್. ಸೀನಿಯರ್ ಸಿಟಿಜನ್‌ಗೆ ಏನೋ ಸ್ಪೆಷಲ್ ಇರಬೇಕು ಅಂತ ಭಾವ ಖುಷಿಪಟ್ಟರು. ಸ್ಪೆಷಲ್ಲೇ: ನಾಲ್ಕು ಎಸ್ ಅಂದರೆ ಹೆಚ್ಚುವರಿ ತಪಾಸಣೆ. ಗೇಟಿನ ಹತ್ತಿರ ಪಕ್ಕಕ್ಕೆ ಕರೆದು ಶೂ ಬಿಚ್ಚಿಸಿದರು. ಸ್ಫೋಟಕದ ಪುಡಿ ಅಂಟಿದೆಯೇ ಅಂತ ಅಂಗೈ ಒರೆಸಿ ನೋಡಿದರು. ಅಂಟಿದ್ದು ಅಂಟಿನುಂಡೆಯ ತುಪ್ಪ. ಡಬ್ಬಿ ತೆಗೆದು ಒಂದೊಂದೇ ಉಂಡೆ ಎತ್ತಿ ನೋಡಿದರು. ಯಾಕೆ ಅಂತ ಕೇಳಿದರೆ, "ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ ಸರ್" ಅಂದಳು ಏರ್‌ಲೈನ್ಸ್ ಹುಡುಗಿ. ಪಾಪ, ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದನ್ನು ಅಷ್ಟು ಚೆನ್ನಾಗಿ ನಗುತ್ತಾ ಹೇಳಲು ಟ್ರೇನಿಂಗ್ ಕೊಟ್ಟಿರುತ್ತಾರೆ, ಅಲ್ವಾ?

ನನ್ನ ಅನುಮಾನ ಹೆಸರಿನ ಮೇಲೆ. ಭಾವನ ಪಾಸ್‌ಪೋರ್ಟಿನಲ್ಲಿರುವುದು ಬರೀ ನಂಜುಂಡಯ್ಯ. ಅಮೆರಿಕದವರಿಗೆ ಎರಡು ಹೆಸರು ಬೇಕು. ಇಲ್ಲವಾದರೆ ವೀಸಾದಲ್ಲಿ ಅವರೇ ಒಂದು ಇಟ್ಟು ಕಳಿಸುತ್ತಾರೆ: ಎಫ್‌ಎನ್‌ಯು. ಫಸ್ಟ್ ನೇಮ್ ಅನ್‌ನೋನ್. ತೊಟ್ಟಿಲಿಲ್ಲ, ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಇಲ್ಲ; ಮೊಮ್ಮಗುವಿಗಿಂತ ಮೊದಲು ತಾತನಿಗೇ ನಾಮಕರಣ ಆಗಿಹೋಯಿತು. ಇನಿಷಿಯಲ್ ಇದ್ದವರ ಪಾಡೇನೂ ವಾಸಿಯಿಲ್ಲ. ನನ್ನ ಸ್ನೇಹಿತನೊಬ್ಬ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ತಪ್ಪಿಗೆ ದಾರಿಯುದ್ದಕ್ಕೂ 'ಮಿಸ್ಟರ್ ಮಳವಳ್ಳಿ' ಅನ್ನಿಸಿಕೊಂಡ. ಊರಿಗೆ ಊರೇ ವಿಮಾನ ಹತ್ತಿದ ಹಾಗೆ.

2004ರಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿಯವರನ್ನೇ ಕೌಂಟರಿನಲ್ಲಿ ಮತ್ತೆ ಮತ್ತೆ ತಡೆದಿದ್ದರು. ಉಗ್ರರೆಂದು ಅನುಮಾನವಿದ್ದವರನ್ನು ವಿಮಾನದ ಹತ್ತಿರ ತಡೆಯಲು ಸರ್ಕಾರ ಇಟ್ಟುಕೊಂಡ ಗುಟ್ಟಿನ ಪಟ್ಟಿಯಲ್ಲಿ ಅದನ್ನೇ ಹೋಲುವ ಹೆಸರೊಂದಿತ್ತಂತೆ. ಅವರ ಅಣ್ಣನ ಹೆಸರಿನ ವಿಮಾನ ನಿಲ್ದಾಣವೇ ನ್ಯೂಯಾರ್ಕಿನಲ್ಲಿದೆ, ನೆನಪಿರಲಿ. ಮಂತ್ರಿಗೇ ಫೋನ್ ಮಾಡಿದರೂ ಸರಿಹೋಗಲು ವಾರಗಳು ಹಿಡಿದವು. ನಮ್ಮ ಭಾವನಿಗೆ ಗೊತ್ತಿರುವ ದೊಡ್ಡ ಮನುಷ್ಯ ಅಂದರೆ ಕೆಇಬಿ ಲೈನ್‌ಮನ್.

ಇಷ್ಟರವರೆಗೆ ನಗಬಹುದು. ಸ್ಟಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಮಲೇಷ್ಯಾದ ಹೆಣ್ಣುಮಗಳ ಕಥೆ ನೆನಪಾದರೆ ನಗು ಬರುವುದಿಲ್ಲ. ಯಾವ ಪಟ್ಟಿಗೆ ಸೇರಿಸಬಾರದೋ ಅಲ್ಲಿ ಟಿಕ್ ಹಾಕಿ ಅನ್ನುತ್ತಿತ್ತು ಎಫ್‌ಬಿಐ ಫಾರಂ. ಏಜೆಂಟ್ ಉಲ್ಟಾ ಹಾಕಿದ, ಆಕೆಯ ಹೆಸರು ಪಟ್ಟಿಗೆ ಸೇರಿತು. 2005ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಿಲ್ದಾಣದಲ್ಲಿ, ಆಪರೇಷನ್ ಆಗಿ ಗಾಲಿಕುರ್ಚಿಯಲ್ಲಿದ್ದ ಆಕೆಗೆ ಕೋಳ ತೊಡಿಸಿದರು. ತಪ್ಪಾಯಿತು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆಕೆ ಕೋರ್ಟಿಗೆ ಹೋದರೆ, ಎಲ್ಲ ಗುಟ್ಟು ಅಂತ ಸರ್ಕಾರದವರು ವರ್ಷಗಟ್ಟಲೆ ವಾದಿಸಿದರು. ಸಾಕ್ಷಿ ಹೇಳಲು ಹೊರಟ ಆಕೆಯ ಮಗಳು ಅಮೆರಿಕದ ಪ್ರಜೆ. ಅವಳಿಗೂ ವಿಮಾನ ಹತ್ತಲಾಗಲಿಲ್ಲ. ಅದು ಬರೀ ಟಿಕ್ ಮಾರ್ಕಿನ ತಪ್ಪು ಅಂತ ನ್ಯಾಯಾಧೀಶರು ಬರೆಯುವ ಹೊತ್ತಿಗೆ 2014. ಒಂದು ಟಿಕ್ ಮಾರ್ಕಿಗೆ ಒಂಬತ್ತು ವರ್ಷ. ಥೂ.

ಅಷ್ಟು ಗುಟ್ಟಿನ ಪಟ್ಟಿ 2023ರಲ್ಲಿ ಎಲ್ಲಿ ಸಿಕ್ಕಿತು? ಒಂದು ಸಣ್ಣ ಏರ್‌ಲೈನ್ಸ್‌ನ ಬೀಗವಿಲ್ಲದ ಸರ್ವರ್‌ನಲ್ಲಿ. ಹಳೆಯ ಪ್ರತಿ, ಹದಿನೈದು ಲಕ್ಷಕ್ಕೂ ಜಾಸ್ತಿ ಸಾಲು.

ಬಾಣಂತನ ಮುಗಿಯಿತು, ನಾಳೆ ವಾಪಸ್. ಈಗಷ್ಟೇ ಅಕ್ಕನ ಫೋನ್ ಬಂದಿತ್ತು: "ನಂದು ಚೆಕ್-ಇನ್ ಆಯ್ತು ಕಣೋ. ನಿಮ್ಮ ಭಾವಂದು ಆಗ್ತಾ ಇಲ್ಲ."