ಬರ ಬಂದ ಕೂಡಲೇ ನಿಲ್ಲುವುದಿಲ್ಲ
ನಿಮ್ಮ ಕಾಂಗರೂ ಲೇಖನದಲ್ಲಿ, ಬರ ಬಂದ ಕೂಡಲೇ ಆಸ್ಟ್ರೇಲಿಯಾದ ಕೆಂಪು ಕಾಂಗರೂ ಮರಿ ಹಾಕುವುದನ್ನೇ ಬಿಡುತ್ತದೆ ಎಂದು ಬರೆದಿದ್ದೀರಿ. ಬಿಡುವುದೇನೋ ನಿಜ, ಆದರೆ ಬರ ತಿಂಗಳುಗಟ್ಟಲೆ ಎಳೆದ ಮೇಲೆ. ಅಲ್ಲಿಯವರೆಗೆ ತಾಯಿಯ ಲೆಕ್ಕಾಚಾರವೇ ಬೇರೆ. ಹೆತ್ತ ಒಂದೆರಡು ದಿನಕ್ಕೇ ಅದು ಮತ್ತೆ ಗಂಡಿನ ಜೊತೆ ಕೂಡುತ್ತದೆ. ಆಗ ಮೂಡಿದ ಭ್ರೂಣ ಸುಮಾರು 100 ಜೀವಕೋಶಗಳ ಪುಟ್ಟ ಉಂಡೆಯಾಗಿ ಗರ್ಭದಲ್ಲಿ ಸುಮ್ನೆ ಕೂತಿರುತ್ತದೆ. ಚೀಲದೊಳಗಿನ ಪುಟ್ಟ ಮರಿ ಹಾಲು ಚೀಪುತ್ತಿರುವಷ್ಟು ದಿನ ಈ ಭ್ರೂಣ ಬೆಳೆಯುವುದೇ ಇಲ್ಲ! ತಾಯಿಗೆ ಮೇವಿಲ್ಲದೆ ಹಾಲು ಬತ್ತಿ ಆ ಮರಿ ಸತ್ತರೆ, ಹೆಚ್ಚುಕಮ್ಮಿ ಒಂದು ತಿಂಗಳಲ್ಲಿ ಮುಂದಿನದು ಹುಟ್ಟುತ್ತದೆ. 1 ಗ್ರಾಂ ತೂಕವೂ ಇಲ್ಲದ, ಕಣ್ಣು ಬಿಡದ ಕೂಸು ತಾಯಿಯ ಕೂದಲು ಹಿಡಿದು ತಾನೇ ಚೀಲಕ್ಕೆ ಹತ್ತುತ್ತದೆ. ಇಷ್ಟು ದೊಡ್ಡ ವಿಷಯ ಬಿಟ್ಟು ಕಾಂಗರೂಗಳ ಬಾಕ್ಸಿಂಗ್ ಕಾದಾಟದ ಬಗ್ಗೆಯೇ ಜಾಸ್ತಿ ಬರೆದಿದ್ದೀರಲ್ಲ?